ಬೋಟು ನಿಧಾನವಾದದ್ದು

ಅಪ್ಪ,

ಇವತ್ತು ಜಲಾಶಯಕ್ಕೆ ಒಬ್ಬರು ಗಣಿತದ ಟೀಚರಮ್ಮ ಬಂದಿದ್ದರು. ಐವತ್ತೆರಡು ವರ್ಷ ವಯಸ್ಸು, ಬೋಟಿನ ಹಿಂದೆ ಏಳುವ ಅಲೆಯ ಮೇಲೆ ಹಲಗೆ ಹಾಕಿ ನಿಂತೇ ತೀರಬೇಕೆಂಬ ಹಟ. ಏಳು ಸಲ ಬಿದ್ದರು. ಕೆಮ್ಮುತ್ತಲೇ "ಇನ್ನೊಂದೇ ಸಲ ಕಣಮ್ಮ" ಅಂದರು. ಎಂಟನೇ ಸಲ ಎದ್ದು ನಿಂತವರು ಬೋಟಿಗೆ ಕಟ್ಟಿದ್ದ ಹಗ್ಗವನ್ನೂ ಬಿಟ್ಟರು. ಬರೀ ಅಲೆಯೇ ಅವರನ್ನು ತಳ್ಳಿಕೊಂಡು ಬರುತ್ತಿತ್ತು. ಪುಟ್ಟ ಹುಡುಗಿಯ ಹಾಗೆ ಕೇಕೆ ಹಾಕಿದರು. ಸ್ಟೀರಿಂಗ್ ಹಿಡಿದಿದ್ದ ನಾನು ತಿರುಗಿ ನೋಡಿದೆ. ನೋಡುತ್ತಾ ಮೈಮರೆತು ವೇಗ ಇಳಿಸಿಬಿಟ್ಟೆ. ಅಲೆ ಕುಸಿಯಿತು, ಅವರು ಬಿದ್ದರು.

"ಯಾಕಮ್ಮ ನಿಧಾನ ಮಾಡಿದೆ?" ಅಂದರು, ಬೋಟು ಹತ್ತುತ್ತಾ.

"ನಿಮ್ಮನ್ನೇ ನೋಡ್ತಾ ಇದ್ದೆ ಟೀಚರ್, ಕೈ ತಪ್ಪಿತು."

ಅವರು ನಕ್ಕುಬಿಟ್ಟರು.

ನನ್ನ ಮೊದಲ ಸ್ಪರ್ಧೆಯಲ್ಲಿ ನೀನೂ ಹೀಗೇ ವೇಗ ಇಳಿಸಿದ್ದೆ, ನಾನು ಅಲೆಯಿಂದ ಬಿದ್ದು ಸೋತಿದ್ದೆ. ಮೂವತ್ತು ವರ್ಷ ಇದೇ ನೀರಲ್ಲಿ ಬೋಟು ನಡೆಸಿದವನು ನೀನು. ದಡದಲ್ಲಿ ಎಲ್ಲರ ಮುಂದೆ ನಾನು "ಬೋಟು ಓಡಿಸೋಕೂ ಬರಲ್ವಾ ನಿನಗೆ?" ಅಂತ ಕಿರುಚಿದೆ. ನೀನು ಒದ್ದೆ ಹಗ್ಗ ಸುತ್ತಿಟ್ಟೆ. ಆಮೇಲೆ ನೀನು ಬದುಕಿದ್ದ ತನಕ ನಾನು ನಿನ್ನ ಬೋಟಿನ ಹಿಂದೆ ನಿಲ್ಲಲೇ ಇಲ್ಲ.

ಟೀಚರ್ ಕೇಳಿದಷ್ಟು ಮೆತ್ತಗೆ ಆವತ್ತು ನಾನೂ ಕೇಳಿದ್ದರೆ, ನೀನು ಏನು ಹೇಳುತ್ತಿದ್ದೆ ಅಪ್ಪ?