ಅಮ್ಮ ಬೇಡವೆಂದ ಚೀಲ

ಬುಧವಾರ, ಮಧ್ಯಾಹ್ನ

ಮುನಿಸಿಕೊಂಡು ಹೋದ ಅಕ್ಕನಿಗೆ,

ಮೊದಲು ಇದನ್ನು ಓದಿಕೋ: ಅಮ್ಮ ಉಳಿದಿದ್ದಾಳೆ. ಮಿಕ್ಕಿದ್ದನ್ನು ಕೂತು ಓದು. ನಾನಂತೂ ಕೂತರೆ ಏಳಲಾರೆ. ಆಸ್ಪತ್ರೆಯ ಬಟ್ಟೆ ಮಡಚುವ ಕೋಣೆಯಲ್ಲಿ ನಿಂತೇ ಬರೆಯುತ್ತಿದ್ದೇನೆ.

ಆಪರೇಷನ್ನಿಗೆಂದು ನೀನು ರಕ್ತ ಕೊಟ್ಟೆ, ಅಮ್ಮ ಗೋಡೆಯ ಕಡೆ ತಿರುಗಿ ಬೇಡ ಅಂದಳು. ನೀನು ಎದ್ದು ಹೋದೆ. ನಾನಾಗಿದ್ದರೂ ಹೋಗುತ್ತಿದ್ದೆ. ಆದರೆ ಇದರ ಬೇರು ಇರುವುದು ಅಪ್ಪನಲ್ಲಿ. ನಾನು ಹುಟ್ಟಿದಾಗ ಅಪ್ಪ ಅವಳಿಗೆ ರಕ್ತ ಕೊಟ್ಟಿದ್ದ, ಸಾಯುವವರೆಗೂ ಅದನ್ನು ಆಡಿ ತೋರಿಸಿದ. ಅಡುಗೆಗೆ ಉಪ್ಪು ಹೆಚ್ಚಾದರೂ, ನನ್ನ ರಕ್ತದಿಂದ ಬದುಕಿದ್ದೀಯ, ನೆನಪಿರಲಿ ಅನ್ನುತ್ತಿದ್ದ. ಅಮ್ಮ ಎದುರಾಡುವುದನ್ನೇ ಬಿಟ್ಟಳು.

ಹಾಗಾಗಿ ನಿನ್ನೆ ಅರಿವಳಿಕೆ ಡಾಕ್ಟರು ಸಲೈನನ್ನೇ ನೆಚ್ಚಿಕೊಂಡರು. ಹೋದ ರಕ್ತದ ಜಾಗವನ್ನು ಆ ನೀರು ತುಂಬುತ್ತದೆ, ಹೃದಯಕ್ಕೆ ತಳ್ಳಲು ಏನಾದರೂ ಇರುತ್ತದೆ. ಆಮ್ಲಜನಕ ಹೊರುವ ಕೆಲಸ ಮಾತ್ರ ಅದಕ್ಕೆ ಬಾರದು. ರಕ್ತ ನೆನೆದ ಬಟ್ಟೆ ತೂಗಿ ಎಷ್ಟು ಹೋಯಿತೆಂದು ಹೇಳುವುದು ನರ್ಸ್ ಆದ ನನ್ನ ಪಾಲು. ಮಗಳನ್ನು ಒಳಗೆ ಬಿಡಬಾರದಿತ್ತು, ಬೇರೆ ಜನ ಇರಲಿಲ್ಲ. ಬರಬರುತ್ತಾ ಬಟ್ಟೆಯ ಕೆಂಪೇ ತೆಳುವಾಯಿತು. ತೂಕ ಮಾತ್ರ ಏರುತ್ತಲೇ ಇತ್ತು.

ಆಗ ಫ್ರಿಜ್ಜಿನಿಂದ ನಿನ್ನ ರಕ್ತದ ಚೀಲ ತಂದೆ. ನಿದ್ದೆಯಲ್ಲಿದ್ದಾಳೆ, ಏರಿಸಿದರೆ ಯಾರಿಗೆ ಗೊತ್ತಾಗುತ್ತೆ ಅಂದೆ. ಡಾಕ್ಟರು ಬೈಯಲಿಲ್ಲ. ಎಚ್ಚರ ಇದ್ದಾಗ ಬೇಡ ಅಂದೋರಿಗೆ ನಿದ್ದೇಲೂ ಬೇಡವೇ ಕಣಮ್ಮ, ವಾಪಸ್ ಇಟ್ಟು ಬಾ ಅಂದರು. ಇಟ್ಟು ಬರುವಷ್ಟರಲ್ಲಿ ನಾನು ಮುದುಕಿಯಾದೆ. ಒಳಗೆ ಬಂದಾಗ ಸರ್ಜನ್ ಸೋರುತ್ತಿದ್ದ ರಕ್ತನಾಳ ಹಿಡಿದು ಕಟ್ಟಿದ್ದರು.

ಈಗ ಅಮ್ಮ ಸುಣ್ಣ ಬಳಿದ ಹಾಗಿದ್ದಾಳೆ. ತಲೆ ಎತ್ತಿದರೆ ಸುತ್ತುತ್ತದಂತೆ. ಹೋದ ರಕ್ತವನ್ನು ಮೈ ತಾನೇ ಮಾಡಿಕೊಳ್ಳಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಪಕ್ಕದಲ್ಲಿ ಯಾರಾದರೂ ಇರಬೇಕು. ನನಗೆ ಸಾಕಾಗಿದೆ ಅಕ್ಕ. ಬಾ ಅಂತ ಕರೆಯುವುದಿಲ್ಲ. ನೀನು ಬಂದರೆ ನಾನು ಮಲಗಬಹುದು, ಅಷ್ಟೇ.

ನಿನ್ನ ಬೆನ್ನಿಗೆ ಬಿದ್ದ
ತಂಗಿ

ತಾ.ಕ.: ಅಪ್ಪನದು ಸರಿ, ಅಕ್ಕನ ರಕ್ತ ಯಾಕೆ ಬೇಡವಾಗಿತ್ತು ಅಂತ ಬೆಳಿಗ್ಗೆ ಕೇಳಿದೆ. ಅದನ್ನ ತಗೊಂಡ್ರೆ ಆಮೇಲೆ ಯಾವ ಬಾಯಲ್ಲಿ ಅವಳಿಗೆ ಬೈಯಲಿ ಅಂದಳು. ಅದರ ಹಿಂದೆಯೇ, ರಕ್ತ ಕೊಟ್ಟು ಹಂಗೇ ಹೋದಳಲ್ಲ, ಏನಾದ್ರೂ ತಿಂದಳಾ ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಅಷ್ಟಕ್ಕೇ ನನಗೆ ಬೈಗುಳ ಬಿತ್ತು.