ಆರಿದ ಹಸಿರನ್ನು ಶುದ್ಧವೆಂದು ಓದಿದವರಿಗೆ

ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ನೀರು ಪರೀಕ್ಷಾ ಕಚೇರಿ ವಿಷದ ನೀರಿಗೆ ಶುದ್ಧವೆಂದು ಮುದ್ರೆ ಒತ್ತಿದೆ. ಅದನ್ನು ಕುಡಿದ ಎಂಟು ತಿಂಗಳ ಕೂಸು ಸತ್ತು ಇಂದಿಗೆ ಹತ್ತೊಂಬತ್ತು ದಿನ. ತಾವು ಕ್ಷೇಮವೆಂದು ನಂಬಿದ್ದೇನೆ.

ತಮ್ಮ ಪ್ರಯೋಗಾಲಯದ ಸಹಾಯಕ ನಾನು. ನೀಲಿ ದೀಪ ಹಿಡಿದರೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಬೆಳೆಸಿ, ಒಂದೊಂದು ಬಾಟಲಿಯ ನೀರಿಗೂ ಬೆರೆಸುವುದು ನನ್ನ ಕೆಲಸ. ನೀರಿನಲ್ಲಿ ತಾಮ್ರ ಹೆಚ್ಚಿದ್ದರೆ ಅದು ಪ್ರೋಟೀನಿಗೆ ಅಂಟಿಕೊಂಡು ಹೊಳಪು ಆರುತ್ತದೆ. ಹೊಳೆದರೆ ಕ್ಷೇಮ, ಆರಿದರೆ ಅಪಾಯ. ಇಷ್ಟು ಸರಳ. ಆದರೆ ತಾವು ವರದಿಗೆ ಹಳೆಯ ಪರೀಕ್ಷೆಯ ನಮೂನೆಯನ್ನೇ ಉಳಿಸಿಕೊಂಡಿರಿ. ಅದರಲ್ಲಿ ವಿಷವಿದ್ದರೆ ಬಣ್ಣ ಬರುತ್ತಿತ್ತು, ಏನೂ ಕಾಣದಿದ್ದರೆ ‘ದೋಷವಿಲ್ಲ’. ಈ ಹೊಳಪು ನೋಡುವ ಹೊಸ ಯಂತ್ರದ ಮುಂದೆ ರಿಬ್ಬನ್ ಕತ್ತರಿಸಲು ಬಿಡುವಿದ್ದ ತಮಗೆ ಒಂದು ಹಾಳೆ ಬದಲಿಸಲು ಪುರುಸೊತ್ತಿರಲಿಲ್ಲವೇ?

ಹದಿನೇಳನೇ ಬಾಟಲಿಯ ನೀರು ಬೆರೆತೊಡನೆ ಹಸಿರು ಆರಿತು. ಕೊಳವೆ ಹಿಡಿದೇ ತಮ್ಮ ಕೋಣೆಗೆ ಓಡಿ ಬಂದೆ.

“ಏನಾದ್ರೂ ಕಾಣ್ತಾ?” ಎಂದಿರಿ.

“ಇಲ್ಲ ಸಾರ್, ಅದೇ ತೊಂದ್ರೆ. ಹೊಳೀಬೇಕಿತ್ತು.”

“ಕಾಣ್ಲಿಲ್ಲ ಅಂದ್ಮೇಲೆ ಇಲ್ಲ ಅಂತ ಬರೀರಿ. ತಲೆ ತಿನ್ಬೇಡಿ.”

ಬರೆದೆ. ಸಹಿಯನ್ನೂ ಹಾಕಿದೆ. ಪಕ್ಷಪಾತ ನಡೆಯಬಾರದೆಂದು ಬಾಟಲಿಗಳ ಮೇಲೆ ಬರೀ ಸಂಖ್ಯೆ ಇರುತ್ತದೆ, ಬೀದಿಯ ಹೆಸರಿರುವುದಿಲ್ಲ. ಎಂಥ ನ್ಯಾಯನಿಷ್ಠೆ! ಯಾರ ಮನೆಯ ನೀರೋ, ನನಗೇಕೆ ಎಂದು ಊಟಕ್ಕೆ ಹೋದೆ.

ಎರಡು ತಿಂಗಳ ನಂತರ ತಂಗಿಯ ಮನೆಗೆ ಹೋದೆ. ಲೋಹಕ್ಕೆ ತಾಮ್ರದ ಲೇಪ ಕೊಡುವ ಕಾರ್ಖಾನೆಯ ಹಿಂದಿನ ಬೀದಿ ಅದು. ಅಲ್ಲಿನ ನಲ್ಲಿಯ ಮೇಲೆ ತಮ್ಮ ಪ್ರಮಾಣಪತ್ರ ಅಂಟಿಸಿತ್ತು: ಮಾದರಿ ಸಂಖ್ಯೆ ಹದಿನೇಳು. ಕೆಳಗೆ ನನ್ನ ಸಹಿ. ಒಳಗೆ ತಂಗಿ, ಸೊಂಟದ ಮೇಲೆ ಕೂಸು, ಹಾಲಿನ ಪುಡಿ ಕಲಸಲು ಅದೇ ನೀರು ಕಾಯಿಸುತ್ತಿದ್ದಳು.

“ಚೆನ್ನಾಗಿ ಕುದಿಸ್ತೀನಿ ಅಣ್ಣಾ, ಅರ್ಧ ಆಗೋ ತನಕ.”

ಕುದಿಸಿದರೆ ತಾಮ್ರ ಹೋಗುವುದಿಲ್ಲ ಸ್ವಾಮಿ. ನೀರು ಇಂಗಿದಷ್ಟೂ ವಿಷ ಗಟ್ಟಿಯಾಗುತ್ತದೆ. ಒಲೆ ಆರಿಸಿ, ಪಾತ್ರೆಯ ನೀರನ್ನು ಚೆಲ್ಲಿದೆ. ಆದರೆ ಕೂಸಿನ ಕಣ್ಣು ಆಗಲೇ ಹಳದಿಯಾಗಿತ್ತು. ಲಿವರ್ ಉಳಿದಿಲ್ಲ ಎಂದರು ಡಾಕ್ಟರು.

ಆ ಪ್ರಮಾಣಪತ್ರವನ್ನು ಎರಡು ಸಲ ಕಿತ್ತೆ. ಎರಡು ಸಲವೂ ತಮ್ಮವರು ಮರುದಿನವೇ ಹೊಸದನ್ನು ಅಂಟಿಸಿ ಹೋದರು. ಇಷ್ಟು ಚುರುಕು ತಮ್ಮ ಕಚೇರಿಯಲ್ಲಿ ಎಲ್ಲಿ ಅಡಗಿತ್ತು? ಬೀದಿಯ ಉಳಿದ ತಾಯಂದಿರು ಅದನ್ನು ನಂಬಿ ಇಂದಿಗೂ ಕೊಡ ತುಂಬಿಸುತ್ತಿದ್ದಾರೆ.

ನಾಳೆ ತಾವೇ ಬನ್ನಿ. ನಲ್ಲಿಗೆ ಬೀಗ ಹಾಕಿ. ಆ ಕಾಗದವನ್ನು ಕೈಯಾರೆ ಕಿತ್ತು ನನ್ನ ತಂಗಿಯ ಮುಂದೆ ಗಟ್ಟಿಯಾಗಿ ಓದಿ, ಸಹಿ ಯಾರದೆಂಬುದನ್ನೂ ಬಿಡದೆ. “ಇನ್ನೂ ಸ್ವಲ್ಪ ಹೊತ್ತು ಕುದಿಸ್ಬೇಕಿತ್ತೇನೋ ಅಣ್ಣಾ” ಎಂದು ಅವಳು ದಿನವೂ ನನ್ನನ್ನೇ ಕೇಳುತ್ತಾಳೆ. ಆ ಸಹಿ ನನ್ನದೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಅವಳು ಈ ಪತ್ರಿಕೆ ತರಿಸುತ್ತಾಳೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಇಂತಿ,
‘ಇಲ್ಲ’ ಎಂದು ಬರೆದುಕೊಟ್ಟ,
ಆ ಕೂಸಿನ ಸೋದರಮಾವ