ಹದಿನಾಲ್ಕನೇ ಕಿಲೋಮೀಟರಿನ ಬೆಂಚು

ಮನೆ, ಅಡುಗೆಮನೆಯ ಮೇಜು
ಭಾನುವಾರ, ತಾರೀಖು ಹದಿನಾಲ್ಕು, ಬೆಳಿಗ್ಗೆ ಏಳು ಗಂಟೆ

ಪ್ರೀತಿಯ ಅಪ್ಪನಿಗೆ,

ಮೊಣಕಾಲು ಹೇಗಿದೆ? ಊತ ಇಳಿಯಿತೆ? ಡಾಕ್ಟರು ವ್ಯಾಯಾಮವನ್ನು ಹತ್ತು ಸಲ ಮಾಡಿ ಅಂದರೆ ನೀನು ಇಪ್ಪತ್ತು ಸಲ ಮಾಡುತ್ತೀಯಂತೆ, ಅಕ್ಕ ದೂರು ಹೇಳಿದಳು. ಹತ್ತು ಅಂದರೆ ಹತ್ತು. ಅವಳ ಮನೆಗೆ ಮೆಟ್ಟಿಲಿಲ್ಲ ಎಂಬ ಕಾರಣಕ್ಕೆ ನಿನ್ನನ್ನು ಅಲ್ಲಿಗೆ ಕಳಿಸಿದ್ದು, ಅವಳ ಬಚ್ಚಲಿನ ಟೈಲ್ಸನ್ನು ಒಂದೊಂದಾಗಿ ತಟ್ಟಿ ಎಲ್ಲೆಲ್ಲಿ ಟೊಳ್ಳಿದೆ ಅಂತ ಭಾವನಿಗೆ ಪಟ್ಟಿ ಕೊಡಲಿ ಅಂತಲ್ಲ. ಆರು ವರ್ಷದಿಂದ ಆ ನೆಲದ ಮೇಲೆ ನೆಮ್ಮದಿಯಾಗಿ ಸ್ನಾನ ಮಾಡುತ್ತಿದ್ದ ಮನುಷ್ಯ ಈಗ ಹೆದರಿ ಹೆದರಿ ಕಾಲಿಡುತ್ತಾರಂತೆ. ನಾನು ಚೆನ್ನಾಗಿದ್ದೇನೆ. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೇನೆ, ಕನ್ನಡಕದ ಅಂಗಡಿಯ ಕೆಲಸಕ್ಕೆ ಒಂದು ದಿನವೂ ತಪ್ಪಿಸಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು "ಊಟ ಆಯ್ತಾ" ಅನ್ನುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ನಿನಗೊಂದು ವಿಷಯ ಹೇಳುವುದಿದೆ. ಎರಡು ತಿಂಗಳಿಂದ ತುದಿನಾಲಿಗೆಗೆ ಬಂದು ವಾಪಸ್ ಹೋಗುತ್ತಿದೆ. ಅದಕ್ಕೇ ಈ ಕಾಗದ.

ಇವತ್ತು ನಾನು ಓಡಲು ಹೋಗಲಿಲ್ಲ. ಮೂರು ವರ್ಷದಲ್ಲಿ ಇದೇ ಮೊದಲ ಭಾನುವಾರ. ಈಗಷ್ಟೇ ನಮ್ಮ ಗುಂಪು ಕೆಳಗಿನ ರಸ್ತೆಯಲ್ಲಿ ಹೋಯಿತು, ಎಲ್ಲರಿಗೂ ಅದೇ ಕಿತ್ತಳೆ ಬಣ್ಣದ ಬನಿಯನ್, ಎಲ್ಲರಿಗಿಂತ ಮುಂದೆ ಕ್ಯಾಪ್ಟನ್. ವಾರವಿಡೀ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಆ ಮನುಷ್ಯ ಭಾನುವಾರ ಬಂತೆಂದರೆ ದಂಡನಾಯಕನೇ ಸರಿ. ಅವರು ತಲೆಯೆತ್ತಿ ನೋಡಿಬಿಟ್ಟಾರೆಂದು ನಾನು ಪರದೆಯ ಹಿಂದೆ ಅವಿತುಕೊಂಡೆ, ಸಾಲ ತೀರಿಸದವಳ ಹಾಗೆ. ಓಟದ ಬಗ್ಗೆ ನನಗೀಗ ಕೆಲವು ಅಭಿಪ್ರಾಯಗಳು ಬಂದಿವೆ ಅಪ್ಪಾ. ಗುಂಪಿನಲ್ಲಿ ಬಾಯಿಬಿಟ್ಟರೆ ನನ್ನನ್ನು ಹೊರಗೇ ಹಾಕುತ್ತಾರೆ. ನಿನ್ನೆದುರು ಹೇಳಿದರೆ "ಇದನ್ನ ನಾನು ಮೊದಲೇ ಹೇಳಿರ್ಲಿಲ್ವಾ" ಅನ್ನುತ್ತೀಯ. ಅನ್ನು, ನನಗೆ ಆಗಬೇಕಾದದ್ದೇ.

ನಾಲ್ಕೂವರೆಗೆ ಏಳುವವರು ಏಳು ಗಂಟೆಗೆ ಏಳುವವರಿಗಿಂತ ಒಳ್ಳೆಯವರೇನಲ್ಲ. ಬೇಗ ಎದ್ದಿರುತ್ತಾರೆ, ಅಷ್ಟೇ, ಮತ್ತು ಅದನ್ನು ದಿನವಿಡೀ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಓಟದಿಂದ ತಾಳ್ಮೆ ಬರುತ್ತದಂತೆ. ನೀರಿನ ಮೇಜಿನ ಹತ್ತಿರ ಒಂದು ಲೋಟಕ್ಕಾಗಿ ನಮ್ಮವರು ಮೊಣಕೈಯಲ್ಲಿ ತಿವಿಯುವುದನ್ನು ನೀನೇ ನೋಡಿದ್ದೀಯಲ್ಲ. ಓಡಿದವರಿಗೆಲ್ಲ ಪದಕ ಅಂದಮೇಲೆ ಅದು ಪದಕವಲ್ಲ, ರಸೀತಿ. ನಡುವೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಏನೋ ಕಳ್ಳತನ ಮಾಡಿದವರನ್ನು ನೋಡುವ ಹಾಗೆ ನೋಡುತ್ತಾರೆ. ಇನ್ನು ನೋವಿನ ಪುರಾಣ ಬೇರೆ. ನೋವು ಬಂದರೆ ಖುಷಿಪಡಿ, ದೇಹ ಗಟ್ಟಿಯಾಗುತ್ತಿದೆ ಅಂತ ಅರ್ಥ ಎಂದು ಕ್ಯಾಪ್ಟನ್ ಭಾಷಣ ಬಿಗಿದಾಗ ನೀನು ಹಿಂದಿನ ಸಾಲಿನಿಂದ, "ಹಂಗಾದ್ರೆ ನಲವತ್ತು ವರ್ಷ ಟೈಲ್ಸ್ ಕೂರಿಸ್ತಾ ನೆಲದ ಮೇಲೆ ಮಂಡಿಯೂರಿರೋ ನನ್ನ ಮೊಣಕಾಲು ಇಷ್ಟೊತ್ತಿಗೆ ಕಬ್ಬಿಣ ಆಗ್ಬೇಕಿತ್ತು" ಅಂದೆ. ಎಲ್ಲರೂ ನಕ್ಕರು. ನಾನೊಬ್ಬಳೇ ನಗಲಿಲ್ಲ. ಮರ್ಯಾದೆ ಹೋಯಿತು ಅಂದುಕೊಂಡು ಷೂ ಲೇಸು ಕಟ್ಟಿಕೊಳ್ಳುವವಳ ಹಾಗೆ ಬಗ್ಗಿ ಕೂತಿದ್ದೆ.

ನಿನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದೇ ನಾನು. ಅಮ್ಮ ಹೋದಮೇಲೆ ನೀನು ಕೆಲಸದಿಂದ ಬಂದು ಗೋಡೆ ನೋಡುತ್ತ ಕೂರುತ್ತಿದ್ದೆಯಲ್ಲ, ನಾಲ್ಕು ಜನರೊಳಗೆ ಬೆರೆಯಲಿ ಅಂತ ಕರೆದೆ ಎಂದು ಅಕ್ಕನಿಗೆ ಹೇಳಿದ್ದೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಸ್ಪರ್ಧೆಯಲ್ಲಿ ಅಪ್ಪ-ಮಕ್ಕಳ ಜೋಡಿ ಅಂತ ಒಂದು ವಿಭಾಗವಿತ್ತು. ಒಬ್ಬಳೇ ಓಡಿದರೆ ನಾನು ಮುನ್ನೂರನೆಯವಳೋ ನಾನೂರನೆಯವಳೋ. ಜೋಡಿಯಲ್ಲಾದರೆ ಬಹುಮಾನಕ್ಕೆ ಕೈ ಹಾಕಬಹುದಿತ್ತು. ನೀನು ಒಂದು ದಿನವೂ ಬೇಡ ಅನ್ನಲಿಲ್ಲ. ನಿನಗೆ ಓಟ ಇಷ್ಟವಾಗಿರಲಿಲ್ಲ, ನನ್ನ ಜೊತೆ ವಾರಕ್ಕೊಂದು ದಿನ ಬರುವುದು ಇಷ್ಟವಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಳಸಿಕೊಂಡೆ.

ಎರಡು ತಿಂಗಳ ಹಿಂದೆ ಸ್ಪರ್ಧೆಯ ದಿನ ಹದಿನಾಲ್ಕನೇ ಕಿಲೋಮೀಟರಿನ ಫಲಕದ ಹತ್ತಿರ ನಿನ್ನ ಮೊಣಕಾಲು ಹಿಡಿದುಕೊಂಡಿತು. ಪಕ್ಕದಲ್ಲಿ ಸಿಮೆಂಟಿನ ಬೆಂಚಿತ್ತು. ನೀನು ಕೂತು, ಉಸ್ಸಪ್ಪಾ ಎಂದು, ನನ್ನ ಮುಖ ನೋಡಿದೆ. ಆಮೇಲೆ ನೀನಾಗಿಯೇ ಬಗ್ಗಿ, ಲೇಸಿಗೆ ಕಟ್ಟಿದ್ದ ಚಿಪ್ ಬಿಚ್ಚಿ, "ಇದನ್ನೂ ತಗೊಂಡ್ಹೋಗೆ, ನಂದೂ ಓಡಿದ ಹಂಗಾಗತ್ತೆ" ಅಂದೆ. ತಮಾಷೆಗೆ ಅಂದದ್ದು. ಓಟ ಮುಗಿಯುವ ಗೆರೆ ದಾಟಿದ ಕೂಡಲೇ ಹೆಸರನ್ನೂ ಸಮಯವನ್ನೂ ಕಂಪ್ಯೂಟರಿಗೆ ಮುಟ್ಟಿಸುವ ಆ ಚೂರನ್ನು ಬೇರೆಯವರು ಹೊತ್ತು ಓಡಿದರೆ ಮೋಸ ಎಂದು ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಇಸಿದುಕೊಂಡು ಮುಷ್ಟಿಯಲ್ಲಿಟ್ಟುಕೊಂಡೆ. ಉಳಿದವರನ್ನು ಹತ್ತಿಸಿಕೊಳ್ಳಲು ಕೊನೆಯಲ್ಲಿ ವ್ಯಾನ್ ಬರುತ್ತದೆ, ಅಲ್ಲಾಡದೆ ಕೂತಿರು ಎಂದು ಹೇಳಿ ಓಡಿದೆ. ನಿನ್ನ ಫೋನ್ ನನ್ನ ಸೊಂಟದ ಚೀಲದಲ್ಲೇ ಇತ್ತು.

ಹಿಂದೆ ಬಂದವರು ಕೈಹಿಡಿದು ನಿಲ್ಲಿಸಹೋದರೆ "ವ್ಯಾನ್ ಬರತ್ತೆ, ನೀವು ಹೋಗಿ" ಎಂದು ನೀನೇ ಸಾಗಹಾಕಿದೆಯಂತೆ. ಮೂರು ಗಂಟೆ ಕಾದು, ಬೆವರಿನ ಬಟ್ಟೆಯಲ್ಲೇ ಎದ್ದು, ಒಳರಸ್ತೆ ಹಿಡಿದು ಏಳು ಕಿಲೋಮೀಟರ್ ಕುಂಟಿಕೊಂಡು ಮನೆಗೆ ಬಂದೆ. ಬಹುಮಾನ ತೆಗೆದುಕೊಂಡು ನಾನು ಬಾಡಿಗೆ ಗಾಡಿಯಲ್ಲಿ ಹೋದಾಗ ಬೆಂಚು ಖಾಲಿ. ಕೂತೇ ಇದ್ದಿದ್ದರೆ ಬರೀ ಉಳುಕು, ನಡೆದದ್ದರಿಂದಲೇ ಒಳಗೆ ಸ್ನಾಯು ಹರಿದದ್ದು ಎಂದು ಡಾಕ್ಟರು ಹೇಳಿದಾಗ ನೀನು ನನ್ನ ಕಡೆ ತಿರುಗಿ, "ವ್ಯಾನ್ ಬಂದು ಹೋಗಿರ್ಬೇಕು ಕಣೇ, ನಂಗೇ ಕಣ್ಣು ಹತ್ತಿಬಿಡ್ತು. ನಿನ್ನ ದಿನ ಹಾಳು ಮಾಡ್ದೆ" ಅಂದೆ. ನೀನು ನನ್ನ ಹತ್ತಿರ ಕ್ಷಮೆ ಕೇಳಿದೆ ಅಪ್ಪಾ. ನಾನು ಐಸಿನ ಚೀಲವನ್ನು ನಿನ್ನ ಮಂಡಿಗೆ ಒತ್ತಿದೆ.

ಅಕ್ಕ ನಿನ್ನೆ ಇನ್ನೊಂದು ಸುದ್ದಿ ಹೇಳಿದಳು. ಮೂರು ತಿಂಗಳಲ್ಲಿ ಕೆಲಸಕ್ಕೆ ಹೋಗಬಹುದು, ಮಂಡಿಗೆ ದಪ್ಪ ಮೆತ್ತೆ ಕಟ್ಟಿಕೊಂಡರಾಯಿತು ಎಂದು ಡಾಕ್ಟರು ಹೇಳಿದರೂ ನೀನು ಕೆಲಸ ಬಿಡುತ್ತೀಯಂತೆ. ಹಾಡುಹಗಲೇ ರಸ್ತೆಬದಿಯಲ್ಲಿ ಕೂತಲ್ಲೇ ಮೈಮರೆತು ಮಲಗುವವನು ಇನ್ನು ರಸಮಟ್ಟ ಇಟ್ಟು ನೆಲದ ಏರುತಗ್ಗು ಏನು ಹಿಡಿದಾನು ಎಂದೆಯಂತೆ. ಕರಣೆ, ರಬ್ಬರ್ ಸುತ್ತಿಗೆ, ರಸಮಟ್ಟ ಎಲ್ಲವೂ ಇರುವ ಪೆಟ್ಟಿಗೆಯನ್ನು ನಿನ್ನ ಜೊತೆಗಾರ ಮೇಸ್ತ್ರಿಗೆ ಕೊಟ್ಟುಬಿಡಬೇಕಂತೆ. ಅವರು ಈ ಬೆಳಿಗ್ಗೆ ಬರುತ್ತಾರೆ. ಪೆಟ್ಟಿಗೆಯನ್ನು ಒರೆಸಿ ಬಾಗಿಲ ಪಕ್ಕ ಇಟ್ಟಿದ್ದೇನೆ. ಅದನ್ನು ನೋಡುತ್ತಲೇ ಇಷ್ಟೂ ಬರೆದೆ. ಬರೆಯಬೇಕಾದದ್ದನ್ನು ಮಾತ್ರ ಇನ್ನೂ ಬರೆದಿಲ್ಲ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಮಾತ್ರೆ ಮರೆಯಬೇಡ. ನಿನ್ನ ಕಾಲು ಬೇಗ ನೆಟ್ಟಗಾಗಲಿ, ಆ ಕಾಲಿಗೇ ನನ್ನ ನಮಸ್ಕಾರ.

ನಿನ್ನ ಮಗಳು,
ಚೂಟಿ

ಮರೆತ ಮಾತು: ಮೇಸ್ತ್ರಿ ಬಂದೇಬಿಟ್ಟರು, ಬಾಗಿಲು ತಟ್ಟುತ್ತಿದ್ದಾರೆ, ಒಂದೇ ಉಸಿರಿಗೆ ಬರೆಯುತ್ತೇನೆ. ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಆ ದಿನ ಪಟ್ಟಿ ಹಿಡಿದ ಹೆಂಗಸು ಗೆರೆಯ ಹತ್ತಿರ "ನಿಮ್ ತಂದೆ ಎಲ್ರೀ?" ಅಂದರು. "ಬಂದ್ರು, ಬಟ್ಟೆ ಬದಲಾಯಿಸೋಕೆ ಹೋದ್ರು" ಅಂದೆ. ಬರಲಿಲ್ಲ ಅಂದಿದ್ದರೆ ಬಹುಮಾನ ಹೋಗುತ್ತಿತ್ತು. ಚಿಪ್‌ನಿಂದಾಗಿ ಕಂಪ್ಯೂಟರಿನಲ್ಲೂ ನೀನು ಬಂದಾಗಿತ್ತು. ಹತ್ತು ಗಂಟೆಗೆ ಅವರು ಪಟ್ಟಿ ನೋಡಿ, ರಸ್ತೆಯಲ್ಲಿ ಯಾರೂ ಉಳಿದಿಲ್ಲ, ವ್ಯಾನ್ ಹೊರಡೋದು ಬೇಡ ಎಂದು ಡ್ರೈವರಿಗೆ ಹೇಳಿದರು. ನನ್ನೆದುರೇ ಹೇಳಿದರು. ಫೋಟೋ ಮುಗಿಸಿ ನಾನೇ ಕರೆತರುತ್ತೇನೆ ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ಪದಕ ಎರಡನ್ನೂ ನಿನ್ನೆ ಆ ಹೆಂಗಸಿಗೆ ವಾಪಸ್ ಕೊಟ್ಟು ನಿಜ ಹೇಳಿ ಬಂದೆ. ನಿನಗೆ ಹೇಳುವುದೊಂದು ಉಳಿದಿತ್ತು. ಮೇಸ್ತ್ರಿಗೆ ಚಹಾ ಕೊಟ್ಟು ಬರಿಗೈಯಲ್ಲಿ ಕಳಿಸುತ್ತೇನೆ, ಪೆಟ್ಟಿಗೆ ಕೊಡುವುದಿಲ್ಲ. ವ್ಯಾನ್ ಬರಲೇ ಇಲ್ಲ ಅಪ್ಪಾ. ನೀನು ನಿದ್ದೆ ಮಾಡಿರಲಿಲ್ಲ.